ಎಡಗಾಲಿನ ಪ್ರತಾಪ

ಜಗತ್ತಿನಲ್ಲಿ ಎಲ್ಲರೂ ತಲೆ ಮುಂದೆ ಮಾಡಿಕೊಂಡು ಹುಟ್ಟುತ್ತಾರೆ. ನಾನು ಕಾಲು ಮುಂದೆ ಮಾಡಿಕೊಂಡು ಹುಟ್ಟಿದೆ. ಮೊದಲು ಎಡಗಾಲು ಹೊರಗೆ ಬಂತಂತೆ, ಉಳಿದ ನಾನು ಬರಲು ಮೂರು ದಿನ ಹಿಡಿಯಿತಂತೆ. ಮೂರು ದಿನವಲ್ಲ, ಮೂರು ತಾಸು ಎಂದು ಸೂಲಗಿತ್ತಿ ಹೇಳುತ್ತಿದ್ದಳು. ಆದರೆ ಆಕೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ಹಾಗಾಗಿ ನನ್ನ ಲೆಕ್ಕವೇ ಸರಿ.

ಹೀಗೆ ಹುಟ್ಟಿದವನನ್ನು ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಬೆನ್ನಿನಲ್ಲಿ ಚಳಕು ಹಿಡಿದು ಬಾಗಲೂ ಆಗದೆ ಏಳಲೂ ಆಗದೆ ಒದ್ದಾಡುವವರಿಗೆ ಪಾಯಾಳುವಿನ ಕಾಲು ತಾಗಿದರೆ ಸಾಕು, ಚಳಕು ಬಿಟ್ಟು ಓಡುತ್ತದೆ. ಇಂಥ ಕಾಲುಗಳು ಕಮಲಾಪುರ ತಾಲೂಕಿನಲ್ಲಿ ಹತ್ತಾರು ಇದ್ದವು. ನನ್ನ ಎಡಗಾಲು ಬೆಳೆದ ಮೇಲೆ ಉಳಿದವೆಲ್ಲ ಬರೀ ನಡೆಯಲು ಉಳಿದವು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಕಮಲಾಪುರದ ಕ್ರಾಸಿನಲ್ಲಿ, ಕೆಂಪು ಬಾಳೆಹಣ್ಣಿನ ಬಂಡಿ ಇಟ್ಟುಕೊಂಡವನು ನಾನು, ಕಾಶಿರಾಯ. ನಮ್ಮ ಕೆಂಪು ಬಾಳೆ ಒಂದು ತಿಂದರೆ ಮುಂಬೈ ಮುಟ್ಟುವವರೆಗೆ ಹಸಿವಾಗುವುದಿಲ್ಲ. ಬಂಡಿಯ ಹಿಂದೆಯೇ ಮನೆ, ಮನೆಯ ಮುಂದೆ ಕಟ್ಟೆ, ಕಟ್ಟೆಯ ಮೇಲೆ ರವಿವಾರ ಮತ್ತು ಮಂಗಳವಾರ ಬೆಳಿಗ್ಗೆ ಬೆನ್ನು ಹಿಡಿದುಕೊಂಡ ಮಂದಿ. ಒಮ್ಮೆ ಬಸ್ ಡ್ರೈವರ್ ಸಿದ್ದಣ್ಣ ಐವತ್ತೆರಡು ಪ್ರಯಾಣಿಕರನ್ನು ರಸ್ತೆಯಲ್ಲೇ ಬಿಟ್ಟು, ಕುಡುಗೋಲಿನಂತೆ ಬಾಗಿಕೊಂಡು ಬಂದು ಬೋರಲು ಮಲಗಿದ. ನನ್ನ ಕಾಲು ತಾಗಿದ್ದೇ ತಡ, ಎದ್ದವನು ಬಸ್ಸನ್ನು ಎಂಥ ಜೋರಿನಲ್ಲಿ ಓಡಿಸಿದನೆಂದರೆ, ಹುಮನಾಬಾದಿನಲ್ಲಿ ತನಗಿಂತ ಮುಂಚೆ ಹೊರಟ ಬಸ್ಸಿಗೆ ತಾನೇ ಸ್ವಾಗತ ಮಾಡಿದ. ಇದನ್ನು ಸಿದ್ದಣ್ಣ ಒಪ್ಪುವುದಿಲ್ಲ. ಅವನಿಗೆ ಮರೆವು ಹೆಚ್ಚು.

ಕಾಲಿಗೆ ನಿಯಮಗಳಿದ್ದವು. ಅವನ್ನು ಕಲಿಸಿದವಳು ನಮ್ಮವ್ವ ಮರೆಮ್ಮ. ಬಂದವರು ಬರಿಹೊಟ್ಟೆಯಲ್ಲಿರಬೇಕು. ಕಂಬಳಿಯ ಮೇಲೆ ಬೋರಲು ಮಲಗಿದ ಮೇಲೆ ಎದ್ದು ನಿಲ್ಲುವವರೆಗೆ ಒಂದು ಮಾತೂ ಆಡಕೂಡದು. ಕಾಲು ಮೂರು ಸಲ ತಾಗಬೇಕು. ಪ್ರತಿಯಾಗಿ ಒಂದು ವೀಳ್ಯದೆಲೆಯನ್ನೂ ಮುಟ್ಟಬಾರದು. ಮತ್ತೆ, ಕಾಲನ್ನು ಊರಬಾರದು, ಬರೀ ತಾಗಿಸಬೇಕು, ಮಲಗಿದ ಕೂಸಿಗೆ ದುಪ್ಪಟಿ ಹೊದಿಸುವಾಗ ಕೈ ಎಷ್ಟು ತಾಗುತ್ತದೋ ಅಷ್ಟು.

ಅವ್ವ ತೀರಿಕೊಂಡ ಮೇಲೆ ಈ ಕೊನೆಯ ನಿಯಮವನ್ನು ನಾನು ಸುಧಾರಿಸಿದೆ. ಯಾಕೆಂದರೆ ಬರೀ ತಾಗಿಸಿದರೆ ಮಂದಿಗೆ ನಂಬಿಕೆ ಬರುತ್ತಿರಲಿಲ್ಲ. ಎದ್ದು ಬೆನ್ನು ಸವರಿಕೊಂಡು, ಆಯಿತೇ, ಇಷ್ಟೇ ಏನು ಎಂದು ಕೇಳುತ್ತಿದ್ದರು. ಒಂದು ಮಂಗಳವಾರ ಒಬ್ಬ ತೊಗರಿ ವ್ಯಾಪಾರಿಯ ಮೇಲೆ ತೂಕ ತಪ್ಪಿ ಪೂರಾ ನಿಂತುಬಿಟ್ಟೆ. ಬೆನ್ನಿನಲ್ಲಿ ಲಟಕ್ ಎಂದಿತು. ಆತ ಎದ್ದವನೇ ನನ್ನ ಎರಡೂ ಕಾಲಿಗೆ ಬಿದ್ದ, ಬಲಗಾಲಿಗೆ ಸುಮ್ಮನೆ ಸಿಕ್ಕ ಗೌರವ ಅದು. ಆಮೇಲೆ ತೊಲೆಗೆ ಹಗ್ಗ ಕಟ್ಟಿದೆ. ಹಗ್ಗ ಹಿಡಿದು ಬೆನ್ನಿನ ಮೇಲೆ ನಿಲ್ಲುವುದು, ಲಟಕ್ ಎಂದ ಕೂಡಲೇ "ಹೋತು" ಎಂದು ಕೂಗುವುದು, ಹೊರಗೆ ಕಟ್ಟೆಯ ಮೇಲೆ ಕುಳಿತವರೂ "ಹೋತು" ಎನ್ನುವುದು. ಮೂವತ್ತು ವರ್ಷದಲ್ಲಿ ಹತ್ತು ಸಾವಿರ ಬೆನ್ನುಗಳ ಮೇಲೆ ನಿಂತಿದ್ದೇನೆ.

ಕಸ್ತೂರಿ ಇದನ್ನು ಐದು ಸಾವಿರ ಎನ್ನುತ್ತಾಳೆ. ನಾನು ಏನೇ ಹೇಳಲಿ, ಅರ್ಧ ಮಾಡಿ ಕೇಳಿಸಿಕೊಳ್ಳುವುದು ಆಕೆಯ ರೂಢಿ. ಆಕೆ ನನ್ನ ಹೆಂಡತಿ. ಮಾತು ಕಡಿಮೆ. ಎಷ್ಟು ಕಡಿಮೆ ಎಂದರೆ ಮದುವೆಯಾದ ಮೊದಲ ವರ್ಷ ನಮ್ಮವ್ವ ಈಕೆ ಮೂಗಿ ಎಂದೇ ತಿಳಿದು, ಮಾತು ಬರಲಿ ಎಂದು ಹರಕೆ ಹೊತ್ತಿದ್ದಳು. ಆದರೆ ಆಕೆ ಒಂದು ಮಾತು ಹೇಳಿದರೆ ಊರು ಅದನ್ನು ಕಲ್ಲಿನಲ್ಲಿ ಕೆತ್ತಿದ ಹಾಗೆ ನಂಬುತ್ತದೆ. ನಾನು ಸಾವಿರ ಹೇಳಿದರೆ ಊರು ನಗುತ್ತದೆ. ಇಬ್ಬರ ಸಂಸಾರ ಹೀಗೆ ಸಮನಾಗಿ ನಡೆದಿತ್ತು.

ನಾಲ್ಕು ವರ್ಷದ ಹಿಂದೆ ಆಕೆಯ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಕಡಲೆಕಾಳಿನಷ್ಟು ಎಂದಳು ಆಕೆ. ನಿಂಬೆಹಣ್ಣಿನಷ್ಟು ಎಂದೆ ನಾನು. ಕಲಬುರಗಿಯ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ ನಿಂಬೆಹಣ್ಣಿನಷ್ಟೇ ಇತ್ತು. ಜೀವನದಲ್ಲಿ ಆ ಒಂದು ಸಲ ನಾನು ಹೇಳಿದ್ದು ಅಳತೆಗೆ ಸರಿಹೊಂದಿತು.

ಆಪರೇಷನ್ ಆಯಿತು. ಎಂಟು ಸಲ ಕೀಮೋ ಹರಿಯಿತು. ಕೂದಲು ಹೋಯಿತು, ಹುಬ್ಬು ಹೋಯಿತು. ಇಪ್ಪತ್ತೈದು ದಿನ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಕೊನೆಗೆ ಒಂದು ಸಣ್ಣ ಹಳದಿ ಮಾತ್ರೆ ಬರೆದುಕೊಟ್ಟು, ದಿನಕ್ಕೆ ಒಂದರಂತೆ ಐದು ವರ್ಷ ತಪ್ಪಿಸಬೇಡಿ ಎಂದರು. ಕಸ್ತೂರಿ ಒಂದು ದಿನವೂ ತಪ್ಪಿಸಲಿಲ್ಲ.

ಅಲ್ಲಿನ ಡಾಕ್ಟರು ಉಮ್ಮೆ ಹಾನಿ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕಾಕಾ ಎಂದು ಕರೆಯುತ್ತಿದ್ದರು. ನಾನು ಹೋದ ದಿನ ಅವರ ಕೋಣೆಯ ಹೊರಗೆ ಕುಳಿತ ರೋಗಿಗಳಿಗೆಲ್ಲ ನಗುವುದೊಂದೇ ಕೆಲಸ. ಎರಡು ವರ್ಷದ ಹಿಂದೆ ಒಂದು ದಿನ, ಕಸ್ತೂರಿ ರಕ್ತ ಕೊಡಲು ಕೆಳಗೆ ಹೋಗಿದ್ದಾಗ, ಡಾಕ್ಟರು ನನ್ನನ್ನು ಕೂರಿಸಿ ಒಂದು ಮಾತು ಹೇಳಿದರು. ಆ ಮಾತ್ರೆ ರೋಗ ಮರಳಿ ಬರದಂತೆ ತಡೆಯುತ್ತದೆ, ಆದರೆ ಎಲುಬಿನ ಸುಣ್ಣವನ್ನು ಒಳಗಿಂದೊಳಗೆ ಕರಗಿಸುತ್ತದೆ, ಬೆನ್ನೆಲುಬಿನಲ್ಲಂತೂ ಹೆಚ್ಚು. ಎಲುಬು ಎಷ್ಟು ಗಟ್ಟಿ ಇದೆ ಎಂದು ಒಂದು ಸ್ಕ್ಯಾನ್ ಆಗಬೇಕು, ಸುಣ್ಣದ ಗುಳಿಗೆ ಬಿಡಬಾರದು, ಬೇಕಾದರೆ ಆರು ತಿಂಗಳಿಗೊಂದು ಸೂಜಿ ಕೊಡೋಣ, ಭಾರ ಎತ್ತಿಸಬೇಡಿ, ಬೀಳದಂತೆ ನೋಡಿಕೊಳ್ಳಿ ಎಂದರು.

ನಾನು ಎದೆ ಉಬ್ಬಿಸಿ ಹೇಳಿದೆ: ಅದು ಬಿಳಿಜೋಳದ ರೊಟ್ಟಿಯಿಂದ ಕಟ್ಟಿದ ಎಲುಬು, ಆಕೆ ರೊಟ್ಟಿ ಬಡಿಯಲು ಕೂತರೆ ಶಹಾಬಾದಿನ ಕಲ್ಲುಗಣಿಯವರು ಯಾರೋ ಮದ್ದು ಹಾರಿಸಿದರೆಂದು ಓಡುತ್ತಾರೆ. ಡಾಕ್ಟರು ನಕ್ಕರು. ಆದರೂ ಚೀಟಿ ಬರೆದು ಕೈಗಿಟ್ಟರು. ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಂಗಿ ಒಗೆಯಲು ಹೋಯಿತು.

ಬಸ್ಸಿನಲ್ಲಿ ಕಸ್ತೂರಿ, ಡಾಕ್ಟರು ಏನಂದರು ಎಂದು ಕೇಳಿದಳು. ನಿನ್ನ ಎಲುಬು ಉಕ್ಕಂತೆ, ಡಾಕ್ಟರೇ ಬೆರಗಾದರು ಎಂದೆ. ಆಕೆ ಕಿಟಕಿಯ ಹೊರಗೆ ನೋಡುತ್ತ ಸ್ವಲ್ಪ ನಕ್ಕಳು. ಎರಡು ವರ್ಷದಿಂದ ಆಕೆಗೆ ಬರೀ ಕೆಟ್ಟ ಸುದ್ದಿಗಳೇ ಬಂದಿದ್ದವು. ಪೇಟೆಗೆ ಹೋದವನು ಮನೆಗೆ ಒಂದು ಪೊಟ್ಟಣ ಜಿಲೇಬಿ ತರುವುದಿಲ್ಲವೇ, ಹಾಗೆ ನಾನು ಒಂದು ಒಳ್ಳೆಯ ಸುದ್ದಿ ತಂದಿದ್ದೆ. ಸುಣ್ಣದ ಗುಳಿಗೆಯಿಂದ ಹೊಟ್ಟೆ ಕಟ್ಟುತ್ತದೆ ಎಂದು ಆಕೆ ಮೂರು ತಿಂಗಳಿಗೆ ಅದನ್ನು ಬಿಟ್ಟಾಗ, ಉಕ್ಕಿಗೆ ಸುಣ್ಣ ಯಾಕೆ ಎಂದೆ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಆಕೆಯ ಬೆನ್ನು ನೋಯಲು ಹತ್ತಿತು. ಹೇಳಲಿಲ್ಲ. ನನಗೆ ಗೊತ್ತಾದದ್ದು ಸೀರೆಯಿಂದ. ಸೀರೆಯ ಅಂಚು ನೆಲಕ್ಕೆ ತಾಗಿ ಮಣ್ಣಾಗುತ್ತಿತ್ತು. ದಿನಾ ಇನ್ನೊಂದು ಬೆರಳು ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸೀರೆ ಉದ್ದವಾಗಿದೆ ಎಂದು ಅಂಗಡಿಯವನನ್ನು ಬೈದೆ. ಆಕೆ ಗಿಡ್ಡಾಗಿದ್ದಾಳೆ ಎಂದು ಯಾರು ತಿಳಿಯಬೇಕು. ಆಮೇಲೆ ರೊಟ್ಟಿ ಬಡಿಯುವಾಗ ನಡುವೆ ನಿಲ್ಲಿಸಿ ಗೋಡೆಗೆ ಒರಗುವುದು ಶುರುವಾಯಿತು.

ಮೂವತ್ತು ವರ್ಷದಲ್ಲಿ ಕಸ್ತೂರಿ ನನ್ನ ಕಾಲು ಕೇಳಿರಲಿಲ್ಲ. ನಾನೇ ಎಷ್ಟೋ ಸಲ ಹೇಳಿದ್ದೆ. ಬೀದರಿನಿಂದ ಮಂದಿ ಬರುತ್ತಾರೆ, ಮನೆಯವಳಿಗೆ ಬೇಡವೇ ಎಂದು ಚುಚ್ಚಿದ್ದೆ. ಊರಿಗೆಲ್ಲ ದೀಪ ಹಿಡಿದು ಮನೆಯಲ್ಲಿ ಕತ್ತಲೆ ಎಂದು ಕಟ್ಟೆಯ ಮೇಲೆ ಕುಳಿತವರ ಮುಂದೆಯೂ ಹೇಳಿ ನಗಿಸಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಆಕೆ ಒಲೆ ಹಚ್ಚದೆ ಬಂದು ಕಂಬಳಿಯ ಹತ್ತಿರ ನಿಂತಳು.

"ಭಾಳ ಬ್ಯಾನಿ ಆಗ್ಯದರೀ. ಇವತ್ತು ನನಗ ಮೊದಲ ನೋಡ್ರಿ."

ಹೊರಗೆ ಆರು ಮಂದಿ ಕುಳಿತಿದ್ದರು. ಅರವತ್ತು ಎನ್ನಬಹುದಿತ್ತು, ಆದರೆ ಆರೇ. ನನ್ನ ಹೆಂಡತಿಯೇ ಕೊನೆಗೆ ಕಾಲಿಗೆ ಬಂದಳು ಎಂದು ಅವರಿಗೆ ಕೇಳುವಂತೆ ಹೇಳಿದೆ. ಆಕೆ ಬೋರಲು ಮಲಗಿದಳು. ಮೂರು ಸಲ ಕಾಲು ತಾಗಿಸಿದೆ. ಆಕೆ ಎದ್ದಳು, ನಿಂತಳು, ಹೋಗಿಲ್ಲವೆಂದು ತಲೆ ಅಲ್ಲಾಡಿಸಿದಳು, ಮತ್ತೆ ಮಲಗಿದಳು. ಹೊರಗಿನವರು ಕಾಯುತ್ತಿದ್ದರು. ಬಾಗಿಲು ತೆರೆದೇ ಇತ್ತು. ನಾನು ಹಗ್ಗ ಹಿಡಿದು ಏರಿದೆ.

ಸದ್ದು ಬಂತು. ಲಟಕ್ ಎಂದಲ್ಲ. ಒಣಗಿದ ತೊಗರಿ ಕಟ್ಟಿಗೆ ಮುರಿದರೆ ಬರುವಂಥದ್ದು, ಬಹಳ ಸಣ್ಣದು. ರೂಢಿಯಂತೆ ನಾನು ಕೂಗಿದೆ: "ಹೋತು." ಹೊರಗಿನಿಂದ ಆರು ದನಿಗಳು ಹೋತು ಎಂದವು.

ಕಸ್ತೂರಿ ಏಳಲಿಲ್ಲ. ಎದ್ದು ನಿಲ್ಲುವವರೆಗೆ ಮಾತಾಡಬಾರದು ಎಂಬ ನಿಯಮವಿತ್ತು, ಮಾತೂ ಆಡಲಿಲ್ಲ. ಕೈಬೆರಳುಗಳು ಕಂಬಳಿಯ ಉಣ್ಣೆಯನ್ನು ಹಿಡಿದಿದ್ದವು. ನಾನು ಬಗ್ಗಿ ನೋಡಿದೆ. ಕಣ್ಣು ತೆರೆದಿತ್ತು. ಹೊರಗಿನಿಂದ ಮುಂದಿನವನು ಒಳಗೆ ಬರಲೇ ಎಂದು ಕೇಳಿದ. ಸ್ವಲ್ಪ ತಡಿ ಎಂದೆ.

ನಾನು ಅಳುವುದರಲ್ಲಿಯೂ ಯಾರಿಗೂ ಕಡಿಮೆಯಿಲ್ಲ. ನಮ್ಮವ್ವ ಸತ್ತಾಗ ನಾನು ಅತ್ತ ನೀರಿನಲ್ಲಿ ಒಂದು ಎಕರೆ ಬಾಳೆ ಎದ್ದೀತು. ಆ ದಿನ ಏನೂ ಬರಲಿಲ್ಲ. ಬಾಡಿಗೆ ಗಾಡಿ ಕರೆಸಿದೆ, ಕಂಬಳಿ ಸಮೇತ ನಾಲ್ವರು ಎತ್ತಿ ಮಲಗಿಸಿದರು, ಕಲಬುರಗಿ ಮುಟ್ಟುವವರೆಗೆ ರಸ್ತೆಯ ಗುಂಡಿಗಳನ್ನು ಎಣಿಸಿದೆ. ಒಂದು ಸಲವೂ ಎದೆ ಝಲ್ಲೆನ್ನಲಿಲ್ಲ. ನಾನು ಬೇರೆಯವನ ಗಾಡಿಯಲ್ಲಿ ಬೇರೆಯವನ ಹೆಂಡತಿಯ ಜೊತೆ ಹೋಗುತ್ತಿದ್ದ ಹಾಗೆ ಇತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಮಣಿಗಳು ಕುಸಿದಿದ್ದವು. ಉಮ್ಮೆ ಹಾನಿ ಡಾಕ್ಟರು ಹಾಸಿಗೆಯ ಪಕ್ಕ ನಿಂತು, ಬಿದ್ದಿದ್ದೀರಾ, ಎಲ್ಲಾದರೂ ಜಾರಿದ್ದೀರಾ, ಯಾರಾದರೂ ಗುದ್ದಿದರಾ ಎಂದು ಒಂದೊಂದಾಗಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಸ್ತೂರಿ, ನೀರಿನ ಕೊಡ ಎತ್ತಿದೆ ಎಂದಳು. ಎಷ್ಟು ದೊಡ್ಡ ಕೊಡ ಎಂದರು. ಸಣ್ಣದು ಎಂದಳು.

ಜೀವಮಾನದಲ್ಲಿ ಆಕೆ ಹೇಳಿದ ಮೊದಲ ಸುಳ್ಳು ಅದು, ನನ್ನ ಕಾಲಿನ ಹೆಸರು ಉಳಿಸಲು. ಸುಳ್ಳು ಹೇಳಿ ರೂಢಿಯಿಲ್ಲದವರು ಸಣ್ಣ ಕೊಡ ಎಂದೇ ಹೇಳುತ್ತಾರೆ. ನನ್ನನ್ನು ಕೇಳಿದ್ದರೆ ಹಂಡೆ ಎನ್ನುತ್ತಿದ್ದೆ.

ಡಾಕ್ಟರ ಮುಖ ಬದಲಾಯಿತು. ನಮ್ಮ ಮಗಳು ರಾಜೇಶ್ರೀ ಕಲಬುರಗಿಯಲ್ಲೇ, ಖೂಬಾ ಪ್ಲಾಟ್ ಬಡಾವಣೆಯಲ್ಲಿರುತ್ತಾಳೆ, ವಿಮಾ ಕಚೇರಿಯಲ್ಲಿ ಕೆಲಸ. ಆಕೆ ಅಷ್ಟರಲ್ಲಿ ಓಡಿಬಂದಿದ್ದಳು. ಡಾಕ್ಟರು ಆಕೆಯನ್ನೂ ನನ್ನನ್ನೂ ಹೊರಗೆ ಕರೆದು ಮೆಲ್ಲಗೆ ಹೇಳಿದರು. ಏನೂ ಪೆಟ್ಟಾಗದೆ, ಒಂದು ಸಣ್ಣ ಕೊಡಕ್ಕೆ ಬೆನ್ನೆಲುಬು ಕುಸಿದಿದೆ ಎಂದರೆ ಎರಡು ಕಾರಣ ಇರಬಹುದು. ಒಂದು, ಮಾತ್ರೆಯಿಂದ ಎಲುಬು ಟೊಳ್ಳಾಗಿರುವುದು. ಇನ್ನೊಂದು, ಹಳೆಯ ರೋಗವೇ ಎಲುಬಿಗೆ ಇಳಿದಿರುವುದು. ಎಮ್‌ಆರ್‌ಐ ಮಾಡಬೇಕು, ಬೇಕಾದರೆ ಎಲುಬಿನ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮನಸ್ಸು ಗಟ್ಟಿ ಮಾಡಿಕೊಂಡಿರಿ ಎಂದರು.

ಯಾವಾಗ ಮಾಡುತ್ತೀರಿ ಎಂದು ರಾಜೇಶ್ರೀ ಕೇಳಿದಳು.

ಯಂತ್ರದ ಸರದಿ ಸಿಗಲು ಒಂದು ದಿನ, ನೋಡಿ ಬರೆಯುವವರು ಬರಲು ಇನ್ನೊಂದು ದಿನ ಎಂದರು. ಆ ದಿನಗಳಲ್ಲಿ ನಡೆದದ್ದು ಹೀಗೆ. ಮಗಳು ಊಟ ಬಿಟ್ಟಳು. ಶರಣಬಸಪ್ಪನಿಗೆ ಹರಕೆ ಹೊತ್ತಳು, ದರ್ಗಾಕ್ಕೂ ಹೊತ್ತಳು. ಕಸ್ತೂರಿಗೆ ಏನೂ ಹೇಳಿರಲಿಲ್ಲ, ಆದರೆ ಕೂದಲು ಹೋಗಿ ಬಂದವಳಿಗೆ ಯಾರು ಏನು ಹೇಳಬೇಕು. ಆಕೆ ಸೂರು ನೋಡುತ್ತ ಮಲಗಿದ್ದಳು. ಒಮ್ಮೆ ಮಗಳಿಗೆ, ಕಪಾಟಿನ ಮೇಲಿನ ಹಂತದಲ್ಲಿರುವ ಹಸಿರು ಇಳಕಲ್ ಸೀರೆ ನೀನು ಇಟ್ಟುಕೋ ಎಂದಳು. ಮಗಳು ಎದ್ದು ಹೊರಗೆ ಹೋದಳು.

ಇಡೀ ಕಲಬುರಗಿಯಲ್ಲಿ ಒಳ್ಳೆಯ ಸುದ್ದಿ ಗೊತ್ತಿದ್ದವನು ನಾನೊಬ್ಬನೇ. ಕೊಡದಿಂದ ಮುರಿದಿದ್ದರೆ ಹೆದರಬೇಕು. ಎಪ್ಪತ್ತೆರಡು ಕಿಲೋ ಗಂಡಸು ನಿಂತು ಮುರಿದಿದ್ದರೆ ಹೆದರಿಕೆ ಅರ್ಧ ಕಡಿಮೆ. ನನ್ನ ತಪ್ಪೇ ಆಕೆಗೆ ಉಳಿದ ಭರವಸೆ. ಒಂದು ಮಾತು ಹೇಳಿದರೆ ಮಗಳು ಒಂದು ತುತ್ತು ತಿನ್ನುತ್ತಿದ್ದಳು. ನಾನು ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ದೊಡ್ಡ ಕಾರಣ ಹೇಳಬೇಕೆನಿಸುತ್ತದೆ. ದೊಡ್ಡ ಕಾರಣ ಏನೂ ಇರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತು ಚಹಾ ಕುಡಿದೆ, ಇಡ್ಲಿ ತಿಂದೆ, ರುಚಿಯಿರಲಿಲ್ಲ, ಇನ್ನೆರಡು ತಿಂದೆ. ಪಕ್ಕದ ಮೇಜಿನವನಿಗೆ ಕೆಂಪು ಬಾಳೆಯ ಮಹಿಮೆ ಹೇಳಿದೆ. ನಾಲಿಗೆ ತಾನಾಗಿ ಹೇಳುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಬಂದರು. ಮಧ್ಯಾಹ್ನ ಯಂತ್ರಕ್ಕೆ ಕಳಿಸುತ್ತೇವೆ, ಎಲುಬಿನ ಚೂರು ತೆಗೆಯುವ ಬಗ್ಗೆ ಈ ಕಾಗದಕ್ಕೆ ಸಹಿ ಮಾಡಿಡಿ ಎಂದು ಮಗಳ ಕೈಗೆ ಕೊಟ್ಟರು. ಮಗಳ ಕೈಯಿಂದ ಪೆನ್ನು ಜಾರಿ ಬಿತ್ತು. ಪೆನ್ನು ಎತ್ತಿ ಕೊಡಲು ಬಗ್ಗಿದವನು ಬಗ್ಗಿದಲ್ಲಿಂದಲೇ ಹೇಳಿದೆ.

"ಕೊಡ ಅಲ್ಲರೀ ಡಾಕ್ಟ್ರೇ. ನಾ ಆಕಿ ಬೆನ್ನಿನ ಮ್ಯಾಲ ನಿಂತಿದ್ದೆ."

ಡಾಕ್ಟರು ನನ್ನನ್ನು ನೋಡಿದರು. ಅವರ ಮುಖದಲ್ಲಿ ನಾನು ಬಹಳ ಸಲ ನೋಡಿದ ನಗು ಬರಲು ಹವಣಿಸಿತು, ಮತ್ತೆ ನಿಂತಿತು. ನಾನು ಕಾಲು ಮುಂದಾಗಿ ಹುಟ್ಟಿದ್ದು, ಚಳಕು ಬಿಡಿಸುವುದು, ಹಗ್ಗ, ಕಂಬಳಿ, ಎಲ್ಲ ಹೇಳಿದೆ. ಹೇಳಿದಷ್ಟೂ ಅದು ಕಥೆಯಾಗುತ್ತ ಹೋಯಿತು. ಹತ್ತು ಸಾವಿರ ಬೆನ್ನು ಎಂಬುದೂ ಬಾಯಿಂದ ಬಂದುಬಿಟ್ಟಿತು. ಪಕ್ಕದ ಹಾಸಿಗೆಯ ಮುದುಕಿ ಕಿಸಕ್ಕೆಂದಳು.

"ಅಪ್ಪಾ, ಈಗಾರ ಸುಮ್ಕಿರು" ಎಂದಳು ರಾಜೇಶ್ರೀ. "ಅವ್ವಗ ಧೈರ್ಯ ಕೊಡಬೇಕಂತ ಏನೇನರ ಕಟ್ಟಿ ಹೇಳಬ್ಯಾಡ. ಎಲ್ಲಾರ ತಲಿ ಕೆಟ್ಟದ ಮದ್ಲೇ."

ಡಾಕ್ಟರು ನನ್ನ ಭುಜ ಮುಟ್ಟಿ, ನಿಮ್ಮ ಕಷ್ಟ ತಿಳಿಯುತ್ತದೆ ಕಾಕಾ ಎಂದರು. ಅವರೂ ಹಾಗೇ ತಿಳಿದಿದ್ದರು. ಹೆಂಡತಿಗೆ ರೋಗ ಮರಳಿಲ್ಲ ಎಂದು ನಂಬಿಸಲು ಗಂಡ ತನ್ನ ಮೇಲೆ ತಪ್ಪು ಹಾಕಿಕೊಳ್ಳುತ್ತಿದ್ದಾನೆ ಎಂದು. ನನ್ನಷ್ಟು ಒಳ್ಳೆಯ ಗಂಡ ಕಲಬುರಗಿಯಲ್ಲಿ ಆ ಒಂದು ಗಳಿಗೆ ಬೇರೆ ಯಾರೂ ಇರಲಿಲ್ಲ. ದೇವರಾಣೆ ಎಂದೆ. ಮಗಳಾಣೆ ಎಂದೆ. ದೇವರ ಮೇಲೂ ಮಗಳ ಮೇಲೂ ನಾನು ಬಾಳೆಹಣ್ಣಿನ ಸಿಹಿಗೂ ಆಣೆ ಮಾಡಿದವನು, ಯಾರು ಕೇಳುತ್ತಾರೆ.

ಕಸ್ತೂರಿ ಸೂರಿನಿಂದ ಕಣ್ಣು ತೆಗೆಯದೆ ಹೇಳಿದಳು.

"ಖರೇ ಅದ. ನಿಂತಿದ್ರು."

ಅಷ್ಟೇ. ಎಲ್ಲರೂ ನಂಬಿದರು. ಮುದುಕಿಯ ನಗು ನಿಂತಿತು. ಡಾಕ್ಟರು ಮಗಳ ಕೈಯಿಂದ ಕಾಗದ ಹಿಂದಕ್ಕೆ ತೆಗೆದುಕೊಂಡು, ಚೂರು ತೆಗೆಯುವುದು ಸದ್ಯ ಬೇಡ, ಮೊದಲು ಎಮ್‌ಆರ್‌ಐ ನೋಡೋಣ ಎಂದರು. ನನ್ನ ಕಡೆ ನೋಡಲಿಲ್ಲ. ರಾಜೇಶ್ರೀ ನೋಡಿದಳು, ಬಹಳ ಹೊತ್ತು, ಸಂತೆಯಲ್ಲಿ ಗುರುತು ಸಿಗದವರನ್ನು ನೋಡುವಂತೆ. ಆಮೇಲೆ ಕೆಳಗೆ ಹೋಗಿ ಊಟ ಮಾಡಿ ಬಂದಳು.

ಮರುದಿನ ಡಾಕ್ಟರು ವಾರ್ಡಿಗೆ ಸಣ್ಣ ಕಂಪ್ಯೂಟರು ತಂದು ಚಿತ್ರ ತೋರಿಸಿದರು. ಬೆನ್ನುಮೂಳೆ ಎಂದರೆ ಒಂದರ ಮೇಲೊಂದು ಇಟ್ಟ ಇಟ್ಟಿಗೆಗಳಂತೆ ಇರುತ್ತದಂತೆ. ಕಸ್ತೂರಿಯ ಮೂರು ಇಟ್ಟಿಗೆಗಳು ಮುಂಭಾಗದಲ್ಲಿ ಚಪ್ಪಟೆಯಾಗಿದ್ದವು. ರೋಗ ಎಲುಬಿಗೆ ಬಂದಿರಲಿಲ್ಲ, ಎಲ್ಲೂ ಇರಲಿಲ್ಲ. ಮಾತ್ರೆ ರೋಗವನ್ನು ತಡೆದು ನಿಲ್ಲಿಸಿತ್ತು. ನಿಲ್ಲಿಸುತ್ತ ನಿಲ್ಲಿಸುತ್ತ ಎಲುಬನ್ನು ಗೆದ್ದಲು ತಿಂದ ತೊಲೆಯಂತೆ ಮಾಡಿತ್ತು. ರಾಜೇಶ್ರೀ ಡಾಕ್ಟರನ್ನು ತಬ್ಬಿಕೊಂಡಳು. ನಾನು ಸಂತೋಷಕ್ಕಾಗಿ ಕಾದೆ. ಬಸ್ಸು ಬರುವ ಹೊತ್ತು ಮೀರಿದರೂ ರಸ್ತೆ ನೋಡುತ್ತ ನಿಂತವನಂತೆ ಕಾದೆ. ಬರಲಿಲ್ಲ.

"ಮೂರೂ ನನ್ನವೇನ್ರಿ?" ಎಂದು ಕೇಳಿದೆ.

"ಎರಡು ಹಳೇವು, ಕಾಕಾ. ತಿಂಗಳುಗಟ್ಟಲೆ ಹಿಂದ ತಾವೇ ಕುಸಿದಾವ. ಬ್ಯಾನಿ ಅದರದ್ದೇ ಇತ್ತು, ಚಳಕು ಅಲ್ಲ. ಒಂದು ಹೊಸದು, ಅದು ನಿಮ್ಮದು." ಕಂಪ್ಯೂಟರು ಮುಚ್ಚುತ್ತ ಹೇಳಿದರು, "ನೀವು ನಿಲ್ಲದಿದ್ರೂ ಒಂದಿನ ಜೋರಾಗಿ ಕೆಮ್ಮಿದ್ರ ಮುರೀತಿತ್ತು. ಅದಕ್ಕೇ ಅವತ್ತು ನಿಮಗ ಅಷ್ಟು ಹೇಳಿದ್ದೆ, ಸ್ಕ್ಯಾನ್ ಮಾಡಿಸ್ರಿ ಅಂತ."

ಮೂರರಲ್ಲಿ ಒಂದು. ಸಾವಿರ ಮಾಡಿ ಹೇಳುವವನಿಗೆ ಮೂರರಲ್ಲಿ ಒಂದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಪೂರಾ ತಪ್ಪೂ ನನ್ನದಲ್ಲ, ಪೂರಾ ಬಿಡುಗಡೆಯೂ ಇಲ್ಲ.

ಡಾಕ್ಟರು ಇದೆಲ್ಲ ಹೇಳಿದ್ದು ಕಸ್ತೂರಿಯ ಹಾಸಿಗೆಯ ಪಕ್ಕದಲ್ಲಿಯೇ. ಅವರು ಹೋದ ಮೇಲೆ, ಮಗಳು ಔಷಧಿ ತರಲು ಕೆಳಗೆ ಇಳಿದ ಮೇಲೆ, ಕಸ್ತೂರಿ ಕೇಳಿದಳು.

"ಅವತ್ತು ಬಸ್ಸಿನ್ಯಾಗ ಉಕ್ಕು ಅಂದಿದ್ರಿ."

ಅಂದಿದ್ದೆ ಎಂದೆ. ಡಾಕ್ಟರು ಖರೇ ಏನು ಹೇಳಿದ್ದರೆಂದು ಕೇಳಿದಳು. ಹೇಳಿದೆ. ಸುಣ್ಣ ಕರಗುವುದು, ಸ್ಕ್ಯಾನು, ಗುಳಿಗೆ, ಸೂಜಿ, ಭಾರ, ಬೀಳುವುದು, ಜೇಬಿನ ಚೀಟಿ. ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ. ನಿನಗೆ ಹೆದರಿಕೆ ಆಗಬಾರದೆಂದು ಹೇಳಲಿಲ್ಲ ಎಂದೂ ಸೇರಿಸಿದೆ.

"ಎಲುಬು ನಂದು" ಎಂದಳು ಕಸ್ತೂರಿ. "ನನಗ ಹೇಳಬೇಕಾಗಿತ್ತು."

ಬೈದಿದ್ದರೆ ನಾನು ಸಾವಿರ ಉತ್ತರ ಕೊಡುತ್ತಿದ್ದೆ. ಆಕೆ ಬೈಯಲಿಲ್ಲ. ನಾಲಿಗೆ ಒಣಗಿದೆ, ನೀರು ಕೊಡಿ ಎಂದಳು. ಮಲಗಿದವರು ಕುಡಿಯುವ ಉದ್ದ ಮೂತಿಯ ಬಟ್ಟಲಿನಲ್ಲಿ ಕೊಟ್ಟೆ. ಅರ್ಧ ಕುಡಿದಳು, ಅರ್ಧ ದಿಂಬಿಗೆ ಹರಿಯಿತು.

ಎಲುಬಿನ ಸೂಜಿ ಕೊಟ್ಟರು, ಬೆನ್ನಿಗೂ ಹೊಟ್ಟೆಗೂ ಸುತ್ತಿಕೊಳ್ಳುವ ಪಟ್ಟಿಗಳ ಗಟ್ಟಿ ಬೆಲ್ಟು ಕೊಟ್ಟರು, ಬಿಡುಗಡೆಯ ದಿನ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ನಾಲ್ಕು ವರ್ಷದ ಹಿಂದೆ ಬರೆದಿಟ್ಟ ಎತ್ತರಕ್ಕಿಂತ ಐದು ಸೆಂಟಿಮೀಟರು ಕಡಿಮೆ. ಹಳದಿ ಮಾತ್ರೆ ಮುಂದುವರಿಯಬೇಕು, ಅದನ್ನು ಬಿಟ್ಟರೆ ಇದಕ್ಕಿಂತ ಕೆಟ್ಟದ್ದು ಎಂದರು. ಈ ಸಲ ಡಾಕ್ಟರು ನನ್ನನ್ನು ಕೂರಿಸಿ ಹೇಳಲಿಲ್ಲ. ಕಸ್ತೂರಿಯ ಮುಂದೆ ಕುರ್ಚಿ ಎಳೆದುಕೊಂಡು ಆಕೆಗೇ ಹೇಳಿದರು, ನಾನು ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದೆ.

ಕಮಲಾಪುರಕ್ಕೆ ಬಂದ ಮೊದಲ ರವಿವಾರ ಕಟ್ಟೆಯ ಮೇಲೆ ನಾಲ್ವರು ಇದ್ದರು. ಇನ್ನು ಕಾಲು ಕೊಡುವುದಿಲ್ಲ ಎಂದೆ. ಯಾಕೆ ಎಂದರು. ನನ್ನ ಹೆಂಡತಿಯ ಬೆನ್ನು ಮುರಿದೆ ಎಂದು ನೇರವಾಗಿ ಹೇಳಿದೆ. ಅವರು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸಿದ್ದಣ್ಣ ನನ್ನ ಎಡಗಾಲಿನ ಕಡೆ ನೋಡಿದ. ಮಂಗಳವಾರ ಒಂಬತ್ತು ಮಂದಿ ಬಂದರು. ಕಾಶಿರಾಯನ ಕಾಲಿಗೆ ಎಲುಬು ಮುರಿಯುವ ಶಕ್ತಿ ಬಂದಿದೆ, ಚಳಕು ಯಾವ ಲೆಕ್ಕ ಎಂದು ಬಸ್ಸುಗಳಲ್ಲಿ ಸುದ್ದಿ ಹರಡಿತ್ತು. ಇಲ್ಲಪ್ಪಾ, ನಾನು ತಪ್ಪು ಮಾಡಿದ್ದೇನೆ ಎಂದು ಹೇಳಿದಷ್ಟೂ, ನೋಡು ಎಷ್ಟು ವಿನಯ ಎಂದರು. ಐದು ವಾರ ಹೀಗೇ ನಡೆಯಿತು. ಬಾಗಿಲು ಹಾಕಿಕೊಂಡರೆ ಬಾಗಿಲ ಹೊರಗೆ ಬೋರಲು ಮಲಗಿದರು. ಮೂವತ್ತು ವರ್ಷ ನಾನು ಬೆಳೆಸಿದ ಹೆಸರು, ನಾನು ಹೇಳಿದರೆ ಸಾಯುವಂಥದ್ದಾಗಿರಲಿಲ್ಲ. ಒಳಗೆ ಮಂಚದ ಮೇಲೆ ಕಸ್ತೂರಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಆರನೆಯ ವಾರ, ಬೆಲ್ಟು ಕಟ್ಟಿಕೊಂಡು ಕುಳಿತುಕೊಳ್ಳಬಹುದು ಎಂದು ಡಾಕ್ಟರು ಹೇಳಿದ ಮೇಲೆ, ರವಿವಾರ ಬೆಳಿಗ್ಗೆ ಆಕೆ ಸೀರೆಯ ಮೇಲೆಯೇ ಬೆಲ್ಟು ಬಿಗಿಸಿಕೊಂಡಳು. ಸೆರಗು ಹೊದ್ದು ಮುಚ್ಚಲಿಲ್ಲ. ಬಾಗಿಲ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಎಂದಳು. ಹಾಕಿದೆ. ಮೆಲ್ಲಗೆ ಬಂದು ಕುಳಿತಳು. ಆಕೆಯನ್ನು ದಾಟದೆ ಯಾರೂ ಒಳಗೆ ಬರುವಂತಿರಲಿಲ್ಲ.

ಮೊದಲು ಬಾಗಿಲಿಗೆ ಬಂದವರು ಅಕ್ಬರಿ ಬೇಗಂ ಎಂಬ ವಯಸ್ಸಾದ ಹೆಂಗಸು, ಮಹಾಗಾಂವದಿಂದ ಮೊದಲ ಬಸ್ಸಿಗೆ ಬಂದಿದ್ದರು, ಒಂದು ಕೈ ಸೊಂಟದ ಮೇಲಿತ್ತು. ಬುರ್ಖಾದ ಅಂಚು ನೆಲದಲ್ಲಿ ಎಳೆದು ಮಣ್ಣಾಗಿತ್ತು. ಕಸ್ತೂರಿ ಮೊದಲು ಆ ಅಂಚನ್ನು ನೋಡಿದಳು.

"ನಿಮಗ ವಯಸ್ಸೆಷ್ಟ್ರಿ, ಅಕ್ಕಾ?"

"ಸತ್ತರ್, ಎಪ್ಪತ್ತು ಆಗ್ಯದವ್ವಾ."

"ಬೆನ್ನೆಲುಬಿನ ಫೋಟೋ ತೆಗಿಸೀರೇನು?"

ಅಕ್ಬರಿ ಬೇಗಂ ಫೋಟೋ ಯಾಕೆ, ಕಾಲು ತಾಗಿದರೆ ಸಾಕು, ಮೊಮ್ಮಗ ಹೇಳಿ ಕಳಿಸಿದ್ದಾನೆ ಎಂದರು. ಕಸ್ತೂರಿ ಬೆಲ್ಟಿನ ಮೇಲೆ ಕೈ ಇಟ್ಟಳು. ಅವರ ಹಿಂದೆ ಕಟ್ಟೆಯ ಮೇಲೆ ಕುಳಿತ ಹನ್ನೊಂದು ಮಂದಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದಳು.

"ನನಗ ಕ್ಯಾನ್ಸರಿನ ಗುಳಿಗಿಲಿಂದ ಎಲುಬು ಟೊಳ್ಳಾಗಿದ್ವು. ನಮಗ ಗೊತ್ತಿರಲಿಲ್ಲ. ಇವರು ಮ್ಯಾಲ ನಿಂತ್ರು, ಮುರೀತು. ಚಳಕು ಅಲ್ಲ ಅದು. ನಿಮ್ಮದೂ ಏನಂತ ಮೊದಲ ನೋಡಿಸ್ರಿ."

ನಮಗೆ ಗೊತ್ತಿರಲಿಲ್ಲ ಎಂದಳು. ನನಗೆ ಗೊತ್ತಿತ್ತು. ಬಾಗಿಲಲ್ಲಿ, ಆಕೆಯ ಕುರ್ಚಿಯ ಹಿಂದೆ ನಿಂತಿದ್ದ ನಾನು ಅದನ್ನು ತಿದ್ದಬೇಕೆಂದು ಬಾಯಿ ತೆರೆದೆ. ಕಸ್ತೂರಿ ಹಿಂದೆ ತಿರುಗದೆ, ತಿರುಗುವಂತೆಯೂ ಇರಲಿಲ್ಲ, ಒಂದು ಕೈ ಎತ್ತಿದಳು.

ಅಕ್ಬರಿ ಬೇಗಂ ನನ್ನನ್ನು ನೋಡಿದರು, ಬೆಲ್ಟನ್ನು ನೋಡಿದರು. ಎಲ್ಲಿ ನೋಡಿಸಬೇಕು ಎಂದು ಕೇಳಿದರು. ಕಸ್ತೂರಿ ಆಸ್ಪತ್ರೆಯ ದಾರಿ ಹೇಳಿದಳು, ಸೇಡಂ ರಸ್ತೆಯಲ್ಲಿ ಎಲ್ಲಿ ಇಳಿಯಬೇಕು, ಯಾವ ಮಹಡಿ ಎಂದು ಕೂಡ. ಕಟ್ಟೆಯ ಮೇಲಿನವರು ಒಬ್ಬೊಬ್ಬರಾಗಿ ಎದ್ದರು. ಸಿದ್ದಣ್ಣ ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೊಂದು ನಮಸ್ಕಾರ ಮಾಡಿದ, ಸಾವಿನ ಮನೆಯಿಂದ ಹೊರಡುವವರು ಮಾಡುವಂಥದ್ದು.

ಬಿಸಿಲು ಅಂಗಳಕ್ಕೆ ಬಂತು. ನಾನು ಎಡಗಾಲನ್ನು ನೋಡಿಕೊಂಡೆ. ಬರೀ ಕಾಲು. ಉಗುರು ಬೆಳೆದಿದ್ದವು.

"ಒಂಬತ್ತರ ಬಸ್ಸಿಗೆ ಇನ್ನೂ ಬರ್ತಾರ" ಎಂದಳು ಕಸ್ತೂರಿ. "ಕುರ್ಚಿ ಸ್ವಲ್ಪ ನೆಳ್ಳಿಗಿ ಸರಸ್ರಿ."

ಆಕೆ ನನ್ನ ಭುಜ ಹಿಡಿದು ಎದ್ದಳು. ನಾನು ಕುರ್ಚಿ ಸರಿಸಿದೆ. ಆಕೆ ಕುಳಿತಳು.